ಹಳೇ ಮಾರುತಿ 800: ಕ್ಲಚ್ ಬದಲಿಸುವ ಮುನ್ನ
ಏರಿನಲ್ಲಿ ಇಂಜಿನ್ ಸದ್ದು ಏರಿದರೂ ಗಾಡಿ ಎಳೆಯದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ಮೊದಲು ಕ್ಲಚ್ ಕೇಬಲ್ ನೋಡಿ. ಪೆಡಲ್‌ಗೆ ಸ್ವಲ್ಪವೂ ಫ್ರೀ ಪ್ಲೇ (ಕ್ಲಚ್ ಕೆಲಸ ಶುರುವಾಗುವ ಮುಂಚಿನ ಸಡಿಲ ಓಟ) ಇಲ್ಲದಿದ್ದರೆ ಹೊಸ ಪ್ಲೇಟೂ ಬೇಗ ಸವೆಯುತ್ತದೆ.

ಗೇರ್‌ಬಾಕ್ಸ್ ಇಳಿಸಿದ ಮೇಲೆ ಕ್ಲಚ್ ಪ್ಲೇಟ್ ಒಂದನ್ನೇ ಹಾಕಿಸಬೇಡಿ. ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಪೆಡಲ್ ತುಳಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಸೇರಿಸಿ ಮೂರನ್ನೂ ಒಟ್ಟಿಗೆ ಬದಲಿಸಿ; ಇಲ್ಲದಿದ್ದರೆ ಬೇರಿಂಗ್ ಕೂಗಿದಾಗ ಮತ್ತೆ ಅದೇ ಕೂಲಿ. ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಇಂಜಿನ್ ಚಕ್ರ) ಮೇಲೆ ಸುಟ್ಟ ನೀಲಿ ಕಲೆ, ಕೂದಲೆಳೆಯಂಥ ಬಿರುಕು ಇದೆಯೇ ಎಂದು ಕಣ್ಣಾರೆ ನೋಡಿ. ಇಂಜಿನ್ನಿನ ಕ್ರ್ಯಾಂಕ್ ಶಾಫ್ಟ್‌ನ ಹಿಂಬದಿ ಆಯಿಲ್ ಸೀಲ್ ಜಿನುಗುತ್ತಿದ್ದರೆ ಆಗಲೇ ಬದಲಿಸಿ, ಎಣ್ಣೆ ತಾಗಿದ ಪ್ಲೇಟ್ ಖಂಡಿತ ಜಾರುತ್ತದೆ.

ಪ್ಲೇಟಿನ ಸ್ಪ್ರಿಂಗ್ ಉಬ್ಬಿದ ಬದಿ ಗೇರ್‌ಬಾಕ್ಸ್ ಕಡೆಗಿರಲಿ. ಪ್ಲೇಟನ್ನು ಸರಿಯಾಗಿ ನಡುವೆ ಕೂರಿಸುವ ಅಲೈನ್‌ಮೆಂಟ್ ಟೂಲ್ ಇಟ್ಟು, ಪ್ರೆಷರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸ್ಪ್ಲೈನ್‌ಗೆ (ಪ್ಲೇಟ್ ಕೂರುವ ಗೇರ್‌ಬಾಕ್ಸ್ ಶಾಫ್ಟ್‌ನ ಹಲ್ಲುಗಳಿಗೆ) ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಗೇರ್‌ಬಾಕ್ಸ್ ಇಳಿಸುವಾಗ ಬಸಿದ ಗೇರ್ ಆಯಿಲ್ ಬದಲು ಮತ್ತೆ ಆಯಿಲ್ ತುಂಬಲು ಮರೆಯಬೇಡಿ.