ಯೆಜ್ಡಿಯ ಹ್ಯಾಂಡಲ್ ಕೋನ್ ಸೆಟ್ ಮನೆಯಲ್ಲೇ ಬದಲಿಸಿದ್ದು

ನನ್ನ ಯೆಜ್ಡಿ ರೋಡ್‌ಕಿಂಗ್ ನೇರ ರಸ್ತೆಯಲ್ಲೂ ನೇರವಾಗಿ ಹೋಗಲು ಒಪ್ಪುತ್ತಿರಲಿಲ್ಲ. ನಿಧಾನಕ್ಕೆ ಓಡಿಸಿದರಂತೂ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ವಾಲಾಡಿಕೊಂಡೇ ಸಾಗುತ್ತಿತ್ತು. ಮುಂದಿನ ಬ್ರೇಕ್ ಹಿಡಿದರೆ ಹ್ಯಾಂಡಲ್ ಬುಡದಲ್ಲಿ 'ಟಕ್' ಎಂಬ ಸದ್ದು ಬೇರೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿ, ಹ್ಯಾಂಡಲನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿದೆ. ಚಕ್ರ ನೇರಕ್ಕೆ ಬಂದ ಕೂಡಲೇ ಹ್ಯಾಂಡಲ್ ಅಲ್ಲೇ ಕೂತುಬಿಡುತ್ತಿತ್ತು. ಅಲ್ಲಿಂದ ಕದಲಿಸಲು ಸ್ವಲ್ಪ ಒತ್ತಬೇಕು. ಕಳ್ಳ ಸಿಕ್ಕಿದ: ಕೋನ್ ಸೆಟ್. ಮುಂದಿನ ಚಕ್ರ ಹಿಡಿದ ಫೋರ್ಕ್ ಹ್ಯಾಂಡಲ್ ಜೊತೆ ತಿರುಗಲು ಫ್ರೇಮಿನಲ್ಲಿ ಮೇಲೊಂದು, ಕೆಳಗೊಂದು ಇರುವ ಬೇರಿಂಗ್ ಇದು: ಕಪ್, ಕೋನ್, ನಡುವೆ ಬಾಲ್‌ಗಳು.

ಇಂಥ ಗಾಡಿಗೆ ಸಾಮಾನ್ಯವಾಗಿ ಸಿಗುವ ಮದ್ದು, ಮೇಲಿನ ನಟ್ ಬಿಗಿ ಮಾಡುವುದು. ಟಕ್ ಸದ್ದು ನಿಲ್ಲುತ್ತದೆ, ವಾಲಾಟ ಜಾಸ್ತಿಯಾಗುತ್ತದೆ. ಯಾಕೆಂದರೆ ಈ ಬೇರಿಂಗ್ ಚಕ್ರದ ಬೇರಿಂಗ್‌ನ ಹಾಗೆ ಸುತ್ತಿ ಸುತ್ತಿ ಸವೆಯುವುದಿಲ್ಲ. ಗಾಡಿ ಓಡುವ ಹೊತ್ತಲ್ಲಿ ಬಹುಪಾಲು ಹ್ಯಾಂಡಲ್ ನೇರವೇ ಇರುತ್ತದೆ, ಅಲ್ವಾ? ಬಾಲ್‌ಗಳು ಅದೇ ಜಾಗದಲ್ಲಿ ಕೂತು ಪ್ರತಿ ಹಂಪ್, ಪ್ರತಿ ಗುಂಡಿಯ ಹೊಡೆತ ತಿನ್ನುತ್ತವೆ. ನಡುವಿನ ಗ್ರೀಸ್ ಪಕ್ಕಕ್ಕೆ ಸರಿದುಹೋಗುತ್ತದೆ. ವರ್ಷಗಟ್ಟಲೆ ಹೀಗಾದರೆ ಕಪ್ ಮೇಲೆ ಬಾಲ್ ಕೂತ ಜಾಗದಲ್ಲಿ ಸಣ್ಣ ಸಣ್ಣ ತಗ್ಗು ಬೀಳುತ್ತವೆ. ಬಿಗಿ ಮಾಡಿದಷ್ಟೂ ಬಾಲ್ ಆ ತಗ್ಗಿನೊಳಗೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಬದಲಿಸುವುದೊಂದೇ ದಾರಿ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಗಾಡಿ ತಯಾರಿ ಶುರುವಾಗಿದ್ದು 1961ರಲ್ಲಿ, ಬಾಗಿಲು ಹಾಕಿದ್ದು 1996ರಲ್ಲಿ. ಹಾಗಾಗಿ ಕಾರ್ಖಾನೆಯ ಕಾಲದ ಕೋನ್ ಸೆಟ್ ಸಿಕ್ಕಿದರೆ ಅದೃಷ್ಟ. ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಕೇಳಿದರೆ ಈಗಿನ ತಯಾರಿಯ ಸೆಟ್ ಕೈಗೆ ಬರುತ್ತದೆ. ಅದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ನಾನು ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅರ ಇಟ್ಟುಕೊಂಡು ಹೋದೆ. ಕಪ್‌ನ ಹೊರ ಅಂಚಿನ ಮೇಲೆ ಅರ ಆಡಿಸಿದರೆ ಅದು ಕಚ್ಚದೆ ಜಾರಬೇಕು. ಕಚ್ಚಿತೋ, ಕಬ್ಬಿಣಕ್ಕೆ ಸರಿಯಾಗಿ ಹದ ಕೊಟ್ಟಿಲ್ಲ ಅಂತಲೇ ಅರ್ಥ. ಅಂಗಡಿಯವರು ಮುಖ ಗಂಟು ಹಾಕಿದರೆ ಹಾಕಲಿ.

ಬಾಲ್ ಬದಲು ಟೇಪರ್ ರೋಲರ್ (ಓರೆ ಉರುಳೆಗಳ ಬೇರಿಂಗ್) ಹಾಕಿಸಿ ಎಂದು ಹೇಳುವವರು ಬಹಳ ಜನ. ಬಾಳಿಕೆ ಜಾಸ್ತಿ, ನಿಜ. ಆದರೆ ಎತ್ತರ ಸರಿಹೊಂದದಿದ್ದರೆ ವಾಷರ್ ತುರುಕಬೇಕು, ಇಲ್ಲವೇ ಲೇತ್ ಅಂಗಡಿ ಹುಡುಕಬೇಕು. ನಾನು ಬಾಲ್‌ನಲ್ಲೇ ನಿಂತೆ. ಅಷ್ಟು ವರ್ಷ ತಡೆದದ್ದು ಇನ್ನಷ್ಟು ವರ್ಷ ತಡೆಯುತ್ತದೆ.

ಈ ಕೆಲಸದಲ್ಲಿ ಬೇರಿಂಗ್‌ನದ್ದು ಕಾಲು ಭಾಗ, ಬಿಚ್ಚಿ ಜೋಡಿಸುವುದೇ ಮುಕ್ಕಾಲು. ಬ್ಯಾಟರಿ ವೈರ್ ತೆಗೆದೆ. ಟ್ಯಾಂಕ್ ಇಳಿಸಿ ದೂರ ಇಟ್ಟೆ. ಸ್ಪ್ಯಾನರ್ ಜಾರಿದರೆ ಮೊದಲ ಪೆಟ್ಟು ಅದಕ್ಕೇ. ಕೇಬಲ್‌ಗಳು ಯಾವುದರ ಹಿಂದೆ, ಯಾವುದರ ಮುಂದೆ ಹೋಗಿವೆ ಎಂದು ಮೊಬೈಲ್‌ನಲ್ಲಿ ಫೋಟೊ. ಆಮೇಲೆ ಮುಂದಿನ ಚಕ್ರ, ಮಡ್‌ಗಾರ್ಡ್, ಹೆಡ್‌ಲೈಟ್, ಹ್ಯಾಂಡಲ್. ಗಾಡಿ ಮುಂದಕ್ಕೆ ಮುಗ್ಗರಿಸದಂತೆ ಫ್ರೇಮಿನ ಕೆಳಗೆ ಮರದ ದಿಮ್ಮಿ ಇರಬೇಕು.

ಬೇರಿಂಗ್‌ನ ಬಿಗಿ ಅಡ್ಜಸ್ಟ್ ಮಾಡುವ ನಟ್ ಕೊನೆಯದು. ಅದು ಬಿಚ್ಚಿಕೊಳ್ಳುವ ಹೊತ್ತಿಗೆ ಫೋರ್ಕನ್ನು ಕೆಳಗಿಂದ ಯಾರಾದರೂ ಹಿಡಿದುಕೊಂಡಿರಬೇಕು. ನೆಲದ ಮೇಲೆ ಹಳೇ ಪಂಚೆ ಹಾಸಿದ್ದೆ. ಫೋರ್ಕ್ ಒಂದಿಷ್ಟು ಇಳಿದದ್ದೇ ತಡ, ಕೆಳಗಿನ ಬಾಲ್‌ಗಳು ಪಟಪಟ ಉದುರಿದವು. ಮೇಲಿನವು ಒಣಗಿ ಮೇಣದಂತಾದ ಗ್ರೀಸಿನಲ್ಲಿ ಅಂಟಿಕೊಂಡೇ ಇದ್ದವು. ಮೇಲಿನವನ್ನೂ ಕೆಳಗಿನವನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ ಎಣಿಸಿ, ಹೊಸ ಸೆಟ್‌ನ ಲೆಕ್ಕದ ಜೊತೆ ತಾಳೆ ನೋಡಿದೆ. ವರ್ನಿಯರ್‌ನಲ್ಲಿ ಅಳತೆಯನ್ನೂ ಹೋಲಿಸಿದೆ. ಹಳೇ ಗಾಡಿಯಲ್ಲಿ ಹಿಂದೆ ಯಾರು ಏನು ಹಾಕಿರುತ್ತಾರೋ ಹೇಳಲಾಗದು. ಬಾಲ್‌ಗಳ ಸಾಲಿನಲ್ಲಿ ಸ್ವಲ್ಪ ಸಡಿಲ ಜಾಗ ಉಳಿಯಬೇಕು. ಒತ್ತಿ ತುಂಬಿದರೆ ಒಂದನ್ನೊಂದು ಉಜ್ಜುತ್ತವೆ.

ಕಪ್ ಒರೆಸಿ ಬಿಸಿಲಿಗೆ ಹಿಡಿದು ನೋಡಿದೆ. ಕೆಳಗಿನ ಕಪ್‌ನಲ್ಲಿ ಹಿಂದೆ ಮುಂದೆ ತಗ್ಗುಗಳ ಸಾಲು ಎದ್ದು ಕಾಣುತ್ತಿತ್ತು. ಪಕ್ಕದ ಭಾಗ ಮಾತ್ರ ಇನ್ನೂ ಕನ್ನಡಿ. ಗಾಡಿಯ ಭಾರವೆಲ್ಲ ಬೀಳುವುದು ಕೆಳಗಿನದರ ಮೇಲೆ. ಅದಕ್ಕೇ ಮೇಲಿನದು ಅಷ್ಟಾಗಿ ಕೆಟ್ಟಿರಲಿಲ್ಲ. ಆದರೂ ಎರಡನ್ನೂ ಬದಲಿಸಿದೆ. ಹೊಸ ಕಪ್‌ಗೆ ಹಳೇ ಬಾಲ್, ಹಳೇ ಕಪ್‌ಗೆ ಹೊಸ ಬಾಲ್ ಎಂಬ ಉಳಿತಾಯ ಬೇಡ.

ಕಪ್ ಹೊರತೆಗೆಯಲು ಉದ್ದನೆಯ ಸರಳು ಬೇಕು. ಮೇಲಿನ ಕಪ್‌ಗೆ ಕೆಳಗಿಂದ, ಕೆಳಗಿನದಕ್ಕೆ ಮೇಲಿಂದ ಸರಳು ತೂರಿಸಬೇಕು. ಒಳಗೆ ಕಪ್‌ನ ಅಂಚು ಉಗುರಿನಷ್ಟು ಮಾತ್ರ ಸಿಗುತ್ತದೆ. ಒಂದು ಪೆಟ್ಟು ಈ ಕಡೆ, ಒಂದು ಆ ಕಡೆ. ಒಂದೇ ಕಡೆ ಹೊಡೆದರೆ ಕಪ್ ಓರೆಯಾಗಿ ಫ್ರೇಮಿನ ಗೂಡನ್ನೇ ಕೆರೆಯುತ್ತದೆ, ಆ ಗೂಡು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಟಿ ಸ್ಟೆಮ್ (ಫ್ರೇಮಿನೊಳಗೆ ತೂರುವ ಫೋರ್ಕಿನ ದಂಡ) ಬುಡದ ಕೋನ್ ಇನ್ನೂ ಹಟಮಾರಿ. ಅದರ ಕೆಳಗೆ ಎರಡೂ ಬದಿಯಿಂದ ತೆಳು ಉಳಿ ಬಡಿದು ಸ್ವಲ್ಪ ಸ್ವಲ್ಪವೇ ಎಬ್ಬಿಸಿದೆ.

ಹೊಸ ಕಪ್‌ಗಳು ರಾತ್ರಿಯಿಡೀ ಫ್ರೀಜರ್‌ನಲ್ಲಿ, ಐಸ್‌ಕ್ರೀಮ್ ಡಬ್ಬಿಯ ಪಕ್ಕದಲ್ಲಿದ್ದವು. ಮನೆಯವರ ಮಾತನ್ನು ಇಲ್ಲಿ ಬರೆಯುವುದಿಲ್ಲ. ತಣ್ಣಗಾದ ಲೋಹ ಕೂದಲೆಳೆಯಷ್ಟು ಕುಗ್ಗುತ್ತದೆ, ಅಷ್ಟೇ ಸಾಕು. ಸುತ್ತಿಗೆ ಮುಟ್ಟಲಿಲ್ಲ. ಒಂದು ಥ್ರೆಡ್ ರಾಡ್, ಎರಡು ದಪ್ಪ ವಾಷರ್, ಎರಡು ನಟ್. ರಾಡನ್ನು ಕಪ್ ಕೂರುವ ಫ್ರೇಮಿನ ಕೊಳವೆಯೊಳಗೆ ತೂರಿಸಿ ನಟ್ ಬಿಗಿಯುತ್ತ ಹೋದರೆ ಕಪ್ ನೇರವಾಗಿ ಒಳಗೆ ಸರಿಯುತ್ತದೆ. ಪೂರ್ತಿ ಕೂತಾಗ ಸ್ಪ್ಯಾನರ್ ಒಮ್ಮೆಲೇ ಗಟ್ಟಿಯಾಗುತ್ತದೆ. ಆಮೇಲೆ ಕಪ್‌ಗೂ ಫ್ರೇಮಿಗೂ ನಡುವೆ ತೆಳು ಕಾಗದ ತೂರಿಸಿ ನೋಡಬೇಕು. ತೂರಿತೆಂದರೆ ಕೂತಿಲ್ಲ. ಹಾಗೇ ಜೋಡಿಸಿದರೆ ನಾಲ್ಕು ಗುಂಡಿ ಹಾರಿಸುವಷ್ಟರಲ್ಲಿ ಮತ್ತೆ ಸಡಿಲವಾಗುತ್ತದೆ. ಬುಡದ ಹೊಸ ಕೋನ್ ಕೂರಿಸಲು ಒಳ ಅಂಚಿಗಷ್ಟೇ ತಾಗುವ ಪೈಪ್ ತುಂಡು ಬಳಸಿದೆ. ಬಾಲ್ ಓಡುವ ದಾರಿಗೆ ಏನೂ ತಾಗಬಾರದು.

ಗ್ರೀಸ್ ವಿಷಯದಲ್ಲಿ ಕಂಜೂಸುತನ ಬೇಡ. ಮೇಲಿನ ಕಪ್‌ಗೂ ಬುಡದ ಕೋನ್‌ಗೂ ದಪ್ಪಗೆ ಲಿಥಿಯಂ ಗ್ರೀಸ್ ಬಳಿದು ಬಾಲ್‌ಗಳನ್ನು ಒಂದೊಂದಾಗಿ ಅಂಟಿಸಿದೆ. ಫೋರ್ಕ್ ಏರಿಸುವಾಗ ಅಲುಗಾಡಿಸದೆ ನೇರ ತಳ್ಳಬೇಕು. ಒಂದು ಬಾಲ್ ಒಳಗೆ ಬಿದ್ದರೂ ಗೊತ್ತಾಗುವುದಿಲ್ಲ.

ಬಿಗಿ ಮಾಡುವುದಕ್ಕೆ ಕೈ ಅಂದಾಜೇ ಗತಿ. ಮೊದಲು ತುಸು ಜಾಸ್ತಿ ಬಿಗಿದು, ಆ ಕಡೆ ಈ ಕಡೆ ತಿರುಗಿಸಿ ಬಾಲ್‌ಗಳನ್ನು ಕೂರಿಸಿದೆ. ಆಮೇಲೆ ನಟ್ ಸಡಿಲಿಸಿ, ಆಟ (ಸಡಿಲಿನ ಅಲುಗಾಟ) ಹೋಗುವಷ್ಟೇ ಮತ್ತೆ ಬಿಗಿದೆ. ಕೇಬಲ್‌ಗಳನ್ನು ಜೋಡಿಸುವ ಮೊದಲೇ ಪರೀಕ್ಷೆ ಮಾಡಬೇಕು, ಇಲ್ಲದಿದ್ದರೆ ಅವೇ ಹ್ಯಾಂಡಲನ್ನು ಎಳೆಯುತ್ತವೆ. ಚಕ್ರ ಎತ್ತಿರುವಾಗ ಹ್ಯಾಂಡಲನ್ನು ನಡುವಿನಿಂದ ಮೆಲ್ಲಗೆ ತಟ್ಟಿದರೆ ತನ್ನ ಭಾರಕ್ಕೆ ತಾನೇ ಕೊನೆಯವರೆಗೆ ವಾಲಬೇಕು. ಫೋರ್ಕಿನ ಕಾಲು ಹಿಡಿದು ಹಿಂದೆ ಮುಂದೆ ಜಗ್ಗಿದರೆ ಅಲುಗಬಾರದು. ಎರಡೂ ಒಟ್ಟಿಗೆ ಆಗಬೇಕು. ಇನ್ನೊಂದು ಮಾತು: ಅಡ್ಜಸ್ಟ್ ನಟ್‌ಗಿಂತ ಮೇಲಿನ ದೊಡ್ಡ ನಟ್ ಬಿಗಿದಾಗ ಒಳಗಿನ ಬಿಗಿಯೂ ಸ್ವಲ್ಪ ಏರುತ್ತದೆ. ಆದ್ದರಿಂದ ಅದನ್ನು ಬಿಗಿದ ಮೇಲೆ ಇನ್ನೊಮ್ಮೆ ನೋಡಲೇಬೇಕು.

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಹೊಸ ಕಪ್‌ಗಳು ಇನ್ನಷ್ಟು ಕೂತು ಸಣ್ಣ ಆಟ ಬರುತ್ತದೆ. ನನ್ನದರಲ್ಲೂ ಬಂತು, ನಟ್ ಕೂದಲೆಳೆಯಷ್ಟು ತಿರುಗಿಸಿದ್ದಕ್ಕೆ ಹೋಯಿತು. ಈಗ ನಿಧಾನಕ್ಕೆ ಓಡಿಸಿದರೂ ಗಾಡಿ ವಾಲಾಡುವುದಿಲ್ಲ. ಹಾಗೆಂದು ಮುಂದಿನ ಭಾಗ ಪೂರ್ತಿ ಸರಿಹೋಯಿತೇ? ಇಲ್ಲ. ಎಡಗಡೆ ಫೋರ್ಕ್ ಸೀಲ್‌ನಿಂದ ಎಣ್ಣೆ ಜಿನುಗಲು ಶುರುವಾಗಿದೆ.