ಮಿಕ್ಕಿದ್ದನ್ನು ಅಂದೇ ಎತ್ತಿಡಿ

ಕೈಬಿಗಿ ಹಿಡಿದು ಸಂಸಾರ ಮಾಡುವ ಎಷ್ಟೋ ಮನೆಗಳಲ್ಲೂ ವರ್ಷದ ಕೊನೆಗೆ ಗಂಟು ಕಾಣುವುದಿಲ್ಲ. ದೀಪ ಆರಿಸುತ್ತಾರೆ, ಚೌಕಾಸಿ ಮಾಡುತ್ತಾರೆ, ಹರಿದದ್ದನ್ನು ಹೊಲಿದು ಉಡುತ್ತಾರೆ. ಆದರೆ ಕರೆಂಟ್ ಬಿಲ್ಲಿನಲ್ಲಿ ಮಿಕ್ಕಿದ ಹಣ ಖರ್ಚಿನ ಹಣದ ಜೊತೆಗೇ ಉಳಿದು, ಮರುವಾರ ಇನ್ಯಾವುದಕ್ಕೋ ಕರಗಿಹೋಗುತ್ತದೆ. ಆದ್ದರಿಂದ ಬಿಲ್ ಕಟ್ಟಿದ ದಿನವೇ, ಎಷ್ಟು ಕಡಿಮೆ ಬಂತೋ ಅಷ್ಟನ್ನು ಬೇರೆ ಖಾತೆಗೆ ಹಾಕಿಬಿಡಿ. ಆ ಖಾತೆಗೆ ಕಾರ್ಡಾಗಲಿ ಫೋನಿನ ಪಾವತಿಯಾಗಲಿ ಜೋಡಿಸಿರಬಾರದು. ಹೋಲಿಸುವಾಗ ಹಿಂದಿನ ತಿಂಗಳ ಬಿಲ್ ನೋಡಬೇಡಿ, ಹೋದ ವರ್ಷ ಇದೇ ತಿಂಗಳ ಬಿಲ್ ತೆಗೆಯಿರಿ, ಇಲ್ಲದಿದ್ದರೆ ಸೆಕೆ ಚಳಿಯ ವ್ಯತ್ಯಾಸವೇ ಲೆಕ್ಕ ಕೆಡಿಸುತ್ತದೆ. ದರ ಏರಿರಬಹುದು, ಹಾಗಾಗಿ ಮೊದಲು ಯೂನಿಟ್ ಹೋಲಿಸಿ, ಆಮೇಲೆ ಅದನ್ನು ಈಗಿನ ದರದಿಂದ ಗುಣಿಸಿ.

ಸೋರಿಕೆ ಹುಡುಕುವುದನ್ನು ನಲ್ಲಿಯಿಂದಲೇ ಶುರುಮಾಡಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಸರಿಯಾಗಿ ಒಂದು ಗಂಟೆ ಪಾತ್ರೆ ಇಟ್ಟು, ಬಿದ್ದ ನೀರನ್ನು ಅಳತೆಯ ಲೋಟಕ್ಕೆ ಸುರಿದು ನೋಡಿ. 400 ಮಿಲಿಲೀಟರ್ ಇದ್ದರೆ ದಿನಕ್ಕೆ 9.6 ಲೀಟರ್, ಮೂವತ್ತು ದಿನಕ್ಕೆ 288 ಲೀಟರ್ ಹೋಯಿತು. ಸುತ್ತಿ ತೆರೆಯುವ ನಲ್ಲಿಯಾದರೆ ಬಹುಮಟ್ಟಿಗೆ ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ಮುಖ್ಯ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನಲ್ಲಿ ನಿಂತ ನೀರು ಹರಿಸಿ, ಸಿಂಕಿನ ತೂತಿಗೆ ಬಟ್ಟೆ ತುರುಕಿ. ಇದನ್ನು ಮರೆತರೆ ಸಣ್ಣ ಸ್ಕ್ರೂ ಜಾರಿ ಒಳಗೆ ಹೋಗುತ್ತದೆ. ಆಮೇಲೆ ಸ್ಪ್ಯಾನರಿನಿಂದ ಮೇಲ್ಭಾಗ ಬಿಚ್ಚಿ, ಹಳೆಯ ವಾಷರನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಹೊಸ ವಾಷರ್ ಹಾಕಿದರೂ ತೊಟ್ಟಿಕ್ಕಿದರೆ, ಅದು ಕೂರುವ ಲೋಹದ ಅಂಚು ಸವೆದಿದೆ ಎಂದರ್ಥ. ಆಗ ಪ್ಲಂಬರ್ ಬೇಕು. ನೀರು ನಿಂತ ಮೇಲೂ ಬಿಗಿಯಾಗಿ ತಿರುಗಿಸುವ ಅಭ್ಯಾಸವೇ ವಾಷರನ್ನು ಕತ್ತರಿಸುವುದು. ಮಕ್ಕಳಿಗೂ ಇದನ್ನು ಕಲಿಸಿ. ಫ್ಲಷ್ ಟ್ಯಾಂಕಿನ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಟ್ಯಾಂಕಿಗೆ ಅಡುಗೆ ಬಣ್ಣದ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಫ್ಲಷ್ ಮಾಡದೆ ಬಿಡಿ. ಕೆಳಗೆ ಬಣ್ಣ ಕಂಡರೆ ಟ್ಯಾಂಕಿನ ತಳದ ರಬ್ಬರ್ ಮುಚ್ಚಳ ಬದಲಿಸಿ.

ಕರೆಂಟಿನ ಲೆಕ್ಕ ಸುಲಭ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 9 ಯೂನಿಟ್ ತಿನ್ನುತ್ತದೆ. ಹತ್ತಿರಹತ್ತಿರ ಅಷ್ಟೇ ಬೆಳಕಿನ 9 ವ್ಯಾಟ್ ಎಲ್‌ಇಡಿಗೆ 1.35 ಯೂನಿಟ್ ಸಾಕು. ಟಿವಿ ಆರಿಸಿದರೂ ಅದರ ಸೆಟ್‌ಟಾಪ್ ಪೆಟ್ಟಿಗೆ ಹಗಲೂ ರಾತ್ರಿ ಹತ್ತು ವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ 7.2 ಯೂನಿಟ್ ಆಯಿತು, ಅಂತಹ ಐದು ಎಲ್‌ಇಡಿಗಳಿಗಿಂತ ಹೆಚ್ಚು. ರಿಮೋಟ್ ಒತ್ತಿ ಸುಮ್ಮನಾಗದೆ ಗೋಡೆಯ ಸ್ವಿಚ್ ಆರಿಸಿ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ತಡೆಯಿಲ್ಲದೆ ಬಂದರೆ ಸುತ್ತಲಿನ ರಬ್ಬರ್ ಪಟ್ಟಿ ಹಿಡಿಯುತ್ತಿಲ್ಲ. ಮೊದಲು ಬಿಸಿನೀರಿನ ಬಟ್ಟೆಯಲ್ಲಿ ಜಿಡ್ಡು ಒರೆಸಿ ಮತ್ತೆ ಪರೀಕ್ಷಿಸಿ, ಹಲವು ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ನೀರು ಕುದಿ ಬಂದ ಮೇಲೆ ಉರಿ ಎಷ್ಟೇ ಜೋರಿಟ್ಟರೂ ಅದರ ಬಿಸಿ ಏರುವುದಿಲ್ಲ, ಆವಿ ಮಾತ್ರ ಹೆಚ್ಚುತ್ತದೆ. ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಹಾಕಿ. ಕುಕ್ಕರ್ ಕೂಗಿದ ಮೇಲೂ ಇದೇ ಮಾತು. ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಬರಬಾರದು.

ಖರೀದಿಯಲ್ಲಿ ಬೆಲೆಯನ್ನು ತೂಕದಿಂದ ಭಾಗಿಸಿ ನೋಡಿ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವಲ್ಲ. ಗ್ರಾಮಿಗೆ ಶೇ. 20 ಕಡಿಮೆ ಎಂದು ತಂದು ಕಾಲು ಭಾಗ ಕೆಟ್ಟು ಎಸೆದರೆ, ಬಳಸಿದ್ದಷ್ಟರ ಲೆಕ್ಕದಲ್ಲಿ ಸಣ್ಣ ಪೊಟ್ಟಣಕ್ಕಿಂತ ಸುಮಾರು ಶೇ. 7 ದುಬಾರಿಯೇ ಬಿತ್ತು. ಹೊಸದನ್ನು ಹಿಂದೆ, ಹಳೆಯದನ್ನು ಮುಂದೆ ಜೋಡಿಸಿ.

ಸಂಬಳ ಬಂದ ದಿನ ಹತ್ತನೇ ಒಂದು ಭಾಗ ಮೊದಲು ತೆಗೆದಿಡಿ. ಕಷ್ಟವಾದರೆ ಇಪ್ಪತ್ತನೇ ಒಂದು ಭಾಗದಿಂದ ಶುರುಮಾಡಿ, ಸಂಬಳ ಏರಿದಾಗೆಲ್ಲ ಏರಿದ್ದರಲ್ಲಿ ಅರ್ಧ ಸೇರಿಸಿ. ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಮಾತ್ರ ದಾರಿ ಬೇರೆ. ತಿಂಗಳಿಗೆ ಶೇ. 3 ಬಡ್ಡಿ ಎಂದರೆ ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಶೇ. 42 ದಾಟುತ್ತದೆ, ಯಾವ ಠೇವಣಿಯೂ ಅದಕ್ಕೆ ಸಾಟಿಯಾಗದು. ಒಂದು ತಿಂಗಳ ಖರ್ಚಿನಷ್ಟು ಕೈಯಲ್ಲಿಟ್ಟುಕೊಂಡು ಉಳಿದದ್ದೆಲ್ಲ ಆ ಸಾಲಕ್ಕೆ ಹಾಕಿ, ಕನಿಷ್ಠ ಮೊತ್ತ ಕಟ್ಟಿ ನೆಮ್ಮದಿಯಾಗಿ ಕೂರಬೇಡಿ.

ಇನ್ನು ಶಾಲೆಯ ಫೀಸು, ವಿಮೆ, ಗಾಡಿ ರಿಪೇರಿಯಂತಹ ವರ್ಷಕ್ಕೊಮ್ಮೆ ಬರುವ ಖರ್ಚುಗಳೇ ಕೂಡಿಟ್ಟದ್ದನ್ನು ಒಡೆಯುವುದು. ಹೋದ ವರ್ಷದ ರಸೀದಿಗಳನ್ನು ಹುಡುಕಿ ಕೂಡಿಸಿ, ಹನ್ನೆರಡರಿಂದ ಭಾಗಿಸಿ, ಆ ಮೊತ್ತವನ್ನು ತಿಂಗಳು ತಿಂಗಳು ಮೂರನೆಯ ಖಾತೆಯಲ್ಲಿಡಿ. ಮೊದಲ ಕಂತು ಎರಡು ತಿಂಗಳಲ್ಲೇ ಕಟ್ಟಬೇಕಿದ್ದರೆ ಆ ಒಂದನ್ನು ಮಾತ್ರ ಎರಡರಿಂದ ಭಾಗಿಸಿ.