ಆರ್ಕ್ಟಿಕ್‌ನಲ್ಲಿ ಅರೋರಾ, ಹಿಮಸಾರಂಗ, ಹಿಮಕರಡಿ: ಫೋಟೊ ತೆಗೆಯುವುದು ಹೇಗೆ?

ಆರ್ಕ್ಟಿಕ್‌ಗೆ ಹೊರಟವರು ಮೊದಲು ಕೇಳುವುದು ಯಾವ ಲೆನ್ಸ್ ಬೇಕು ಅಂತ. ಅದಕ್ಕಿಂತ ಮೊದಲು ಕ್ಯಾಲೆಂಡರ್ ನೋಡಿ. ಅರೋರಾಕ್ಕೆ, ಅಂದರೆ ಧ್ರುವದ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕಿಗೆ, ಕತ್ತಲೆ ಬೇಕು, ಪ್ರಾಣಿಗಳ ಫೋಟೊಗೆ ಬೆಳಕು ಬೇಕು, ಅಷ್ಟು ಉತ್ತರದಲ್ಲಿ ಇವೆರಡೂ ಒಂದೇ ದಿನ ಸಿಗುವ ಕಾಲ ಬಹಳ ಚಿಕ್ಕದು.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳನ್ನೇ ತಗೊಳ್ಳಿ. ಅಲ್ಲಿನ ಮುಖ್ಯ ಊರು ಲಾಂಗ್‌ಯರ್‌ಬೀನ್ 78 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಹುಟ್ಟುವುದೇ ಇಲ್ಲ. ಅರೋರಾ, ಪ್ರಾಣಿ ಎರಡೂ ಬೇಕು ಅನ್ನುವವರಿಗೆ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ದಿನಗಳು ಒಳ್ಳೆಯವು. ಮೊದಲ ಕೆಲವು ರಾತ್ರಿ ಉತ್ತರ ನಾರ್ವೆಯ ಊರಾದ ಟ್ರೊಮ್ಸೊದಲ್ಲಿ ಅರೋರಾಕ್ಕೆ ಇಡಿ, ಆಮೇಲೆ ವಿಮಾನ ಹತ್ತಿ ಸ್ವಾಲ್ಬಾರ್ಡ್‌ಗೆ ಹೋಗಿ. ಸುಮ್ನೆ ಸ್ವಾಲ್ಬಾರ್ಡ್ ಒಂದಕ್ಕೇ ಹೋದರೆ ಆಗಲ್ವಾ ಅಂತ ಕೇಳಬಹುದು. ಧ್ರುವದ ಸುತ್ತ ಅರೋರಾ ಮೂಡುವ ದೊಡ್ಡ ಉಂಗುರ ರಾತ್ರಿ ಹೊತ್ತು ಹೆಚ್ಚಾಗಿ ಟ್ರೊಮ್ಸೊ ಇರುವ ಪಟ್ಟಿಯ ಮೇಲೇ ಹಾದುಹೋಗುತ್ತದೆ, ಸ್ವಾಲ್ಬಾರ್ಡ್ ಅದಕ್ಕಿಂತ ಇನ್ನೂ ಉತ್ತರಕ್ಕೆ ಉಳಿದುಬಿಡುತ್ತದೆ.

ಇನ್ನೊಂದು ಮಾತು. ಸ್ವಾಲ್ಬಾರ್ಡ್ ನಾರ್ವೆಯದ್ದೇ ಆದರೂ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದ ಹೊರಗಿದೆ. ಹೋಗುವಾಗ, ಬರುವಾಗ ಎರಡು ಸಲವೂ ನಾರ್ವೆಯ ಮುಖ್ಯ ನೆಲ ದಾಟಬೇಕು, ಹಾಗಾಗಿ ಎರಡು ಸಲ ಪ್ರವೇಶ ಇರುವ ಷೆಂಗೆನ್ ವೀಸಾನೇ ಕೇಳಿ.

ಅರೋರಾ ರಾತ್ರಿ

ಟ್ರೊಮ್ಸೊದಲ್ಲಿ ನಿಮ್ಮ ನಿಜವಾದ ಶತ್ರು ಮೋಡ. ಅರೋರಾ ಮುನ್ಸೂಚನೆಯ ಆಪ್‌ನಲ್ಲಿ ಕೆಪಿ ಸಂಖ್ಯೆ (ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎನ್ನುವ 0ರಿಂದ 9ರವರೆಗಿನ ಅಳತೆ) 2 ಅಂತ ಕಂಡರೆ ಬೇಜಾರು ಬೇಡ, ಅಲ್ಲಿಗೆ ಅಷ್ಟು ಸಾಕು. ನಾರ್ವೆಯವರ 'ಯೂರ್' ಹವಾಮಾನ ತಾಣದಲ್ಲಿ ಮೋಡದ ನಕ್ಷೆ ನೋಡಿ. ಕರಾವಳಿಯಲ್ಲಿ ಮೋಡ ಕವಿದಿದ್ದರೆ ಒಳನಾಡಿನ ಶೀಬೊಟ್ನ್ ಕಡೆಗೆ, ಬೇಕಾದರೆ ಗಡಿ ದಾಟಿ ಫಿನ್‌ಲೆಂಡಿನ ಕಿಲ್ಪಿಸ್ಯಾರ್ವಿ ಕಡೆಗೆ ಹೊರಡಿ. ಬೆಟ್ಟಗಳ ಆಚೆ ಗಾಳಿ ಒಣಗಿರುತ್ತದೆ, ಆಕಾಶ ತಿಳಿಯಾಗಿ ಸಿಗುವ ಸಾಧ್ಯತೆ ಜಾಸ್ತಿ. ಅರೋರಾಕ್ಕೆ ಕಾರಣ ಸೂರ್ಯನಿಂದ ಹೊರಟ ಕಣಗಳ ಹರಿವು, ಅಂದರೆ ಸೌರಮಾರುತ; ಅದರ ಸುದ್ದಿ ಸೂರ್ಯನ ಕಡೆಗೆ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್-1 ಬಿಂದುವಿನ ಉಪಗ್ರಹಗಳಿಂದ ಬರುತ್ತದೆ. ನಮ್ಮ ಇಸ್ರೊದ ಆದಿತ್ಯ-ಎಲ್1 ಕೂಡ 2024ರ ಜನವರಿಯಿಂದ ಅಲ್ಲೇ ಸುತ್ತುತ್ತಿದೆ, ಅದರಲ್ಲಿರುವ ಒಂದು ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಎಲ್-1 ದಾಟಿದ ಸೌರಮಾರುತ ನಮ್ಮನ್ನು ಮುಟ್ಟಲು ಸುಮಾರು ಅರ್ಧದಿಂದ ಒಂದು ಗಂಟೆ ಬೇಕು. ಟ್ರೈಪಾಡ್ ಹೂಡಲು ಅಷ್ಟು ಹೊತ್ತು ಸಾಕಲ್ವಾ?

ಮೊದಲ ಕೆಲಸ, ಲೆನ್ಸ್ ಮುಂದಿನ ಯುವಿ ಫಿಲ್ಟರ್ ತಿರುಗಿಸಿ ತೆಗೆದುಬಿಡಿ. ಅರೋರಾದ ಹಸಿರು ಆಮ್ಲಜನಕದಿಂದ ಬರುವ ಒಂದೇ ತರಂಗದ ಬೆಳಕು, 557.7 ನ್ಯಾನೋಮೀಟರ್. ಆ ಬೆಳಕು ಫಿಲ್ಟರಿನ ಎರಡು ಮೈಗಳ ನಡುವೆ ಪುಟಿದು ಚಿತ್ರದ ನಡುವೆ ಬಳೆ ಬಳೆಯಾಗಿ ಗೆರೆ ಮೂಡಿಸುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಅಳಿಸುವುದು ಬಹಳ ಕಷ್ಟ.

ನಂತರ ಫೋಕಸ್. ಆಟೊ ಬೇಡ, ಮ್ಯಾನ್ಯುವಲ್‌ಗೆ ಹಾಕಿ. ಲೈವ್ ವ್ಯೂನಲ್ಲಿ (ಕ್ಯಾಮೆರಾ ಪರದೆಯ ನೇರ ನೋಟದಲ್ಲಿ) ಹೊಳೆಯುವ ಒಂದು ನಕ್ಷತ್ರವನ್ನು ದೊಡ್ಡದು ಮಾಡಿ ನೋಡುತ್ತ, ಅದು ಸೂಜಿಮೊನೆಯಷ್ಟು ಚಿಕ್ಕದಾಗುವವರೆಗೆ ರಿಂಗ್ ತಿರುಗಿಸಿ, ಆಮೇಲೆ ಟೇಪ್ ಅಂಟಿಸಿ. ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 2.8 ಅಥವಾ ಇನ್ನೂ ಅಗಲ. ಬೆಳಕಿಗೆ ಕ್ಯಾಮೆರಾದ ಸಂವೇದನೆ ಹೇಳುವ ಐಎಸ್‌ಒ 1600ರಿಂದ 3200. ಅರೋರಾ ಮಂದವಾಗಿ ನಿಂತಿದ್ದರೆ ಶಟರ್ 8–15 ಸೆಕೆಂಡ್ ಬಿಡಿ. ತಲೆಯ ಮೇಲೆ ಕುಣಿಯಲು ಶುರುವಾದರೆ 2–3 ಸೆಕೆಂಡಿಗೆ ಇಳಿಸಿ, ಇಲ್ಲದಿದ್ದರೆ ಪರದೆಯಂತಹ ಆ ಮಡಿಕೆಗಳೆಲ್ಲ ಕಲಸಿ ಬರೀ ಹಸಿರು ಮಂಜಾಗುತ್ತವೆ. ಕತ್ತಲಲ್ಲಿ ಕ್ಯಾಮೆರಾ ಪರದೆ ಎಲ್ಲವನ್ನೂ ಪ್ರಕಾಶಮಾನವಾಗಿ ತೋರಿಸುತ್ತದೆ, ಹಾಗಾಗಿ ಪರದೆ ನಂಬದೆ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕತ್ತಲೆ, ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ. ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ರಾ (RAW) ಫೈಲ್‌ನಲ್ಲೇ ತೆಗೆಯಿರಿ.

ಪ್ರಾಣಿಗಳ ಹತ್ತಿರ ಹೋಗುವುದು, ಹೋಗದಿರುವುದು

ಸ್ವಾಲ್ಬಾರ್ಡ್‌ನಲ್ಲಿ ಸುಲಭವಾಗಿ ಸಿಗುವುದು ಹಿಮಸಾರಂಗ. ಗಿಡ್ಡ ಕಾಲು, ದುಂಡು ಮೈ, ಲಾಂಗ್‌ಯರ್‌ಬೀನ್ ಊರೊಳಗೇ ಮೇಯುತ್ತಿರುತ್ತವೆ. ಆದರೆ ಮಾರ್ಚ್ ಹೊತ್ತಿಗೆ ಬೇಸಿಗೆಯಲ್ಲಿ ಕೂಡಿಸಿಟ್ಟ ಕೊಬ್ಬು ಕರಗಿ ಅವು ಸೊರಗಿರುತ್ತವೆ. ಚಳಿಗಾಲದಲ್ಲಿ ಮಳೆ ಬಿದ್ದು ಹೆಪ್ಪುಗಟ್ಟಿದ್ದರೆ ಹುಲ್ಲೆಲ್ಲ ಮಂಜುಗಡ್ಡೆಯಡಿ ಸಿಕ್ಕಿಬಿದ್ದಿರುತ್ತದೆ. ಅಂಥ ಹೊತ್ತಲ್ಲಿ ನೀವು ಬೆನ್ನಟ್ಟಿ ಓಡಿಸಿದ ಒಂದೊಂದು ಹೆಜ್ಜೆಯೂ ಅದರ ಜೀವಕ್ಕೆ ಭಾರ. ದಯವಿಟ್ಟು ಹಾಗೆ ಮಾಡಬೇಡಿ. ದೂರದಲ್ಲೇ ಹಿಮದ ಮೇಲೆ ಮೊಣಕಾಲೂರಿ ಕೂತು, ಕ್ಯಾಮೆರಾವನ್ನು ಅದರ ಕಣ್ಣಿನ ಮಟ್ಟಕ್ಕೆ ತಂದು, 400 ಮಿಮೀ ಲೆನ್ಸ್ ಹಾಕಿ ಕಾಯಿರಿ. ಮೇಯುವುದು ಬಿಟ್ಟು ತಲೆಯೆತ್ತಿ ನಿಮ್ಮನ್ನೇ ನೋಡಿದರೆ ಅಲ್ಲಿಂದ ಒಂದು ಹೆಜ್ಜೆಯೂ ಮುಂದಿಡಬೇಡಿ.

ಹಿಮಕರಡಿ ವಿಚಾರದಲ್ಲಿ ಕಾನೂನೇ ಇದೆ. 2025ರ ಜನವರಿ 1ರಿಂದ ಕನಿಷ್ಠ 300 ಮೀಟರ್ ದೂರ ಇರಬೇಕು, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಅಂದರೆ ಮಾರ್ಚ್‌ನಲ್ಲಿ ಹೋದವರಿಗೆ 600 ಮಿಮೀ ಲೆನ್ಸಿನಲ್ಲೂ ಕರಡಿ ಚಿಕ್ಕದಾಗೇ ಕಾಣುತ್ತದೆ. ನನಗೆ ಅದೇ ಇಷ್ಟ. ಮುಖ ತುಂಬಿದ ಕರಡಿ ಚಿತ್ರ ಮೃಗಾಲಯದಲ್ಲೂ ಸಿಗುತ್ತದೆ, ಕಣ್ಣು ಹಾಯುವಷ್ಟು ದೂರದ ಮಂಜುಗಡ್ಡೆಯ ಮೇಲೆ ಒಂಟಿಯಾಗಿ ನಡೆಯುವ ಕರಡಿ ಅಲ್ಲಿ ಮಾತ್ರ ಸಿಗುತ್ತದೆ. ಊರಿನ ಗಡಿ ದಾಟುವಾಗ ಬಂದೂಕು ಇರುವ ಗೈಡ್ ಜೊತೆಗೇ ಹೋಗಿ.

ಬಿಳಿ ಹಿಮವನ್ನು ಕ್ಯಾಮೆರಾ ಬೂದಿ ಬಣ್ಣಕ್ಕೆ ಇಳಿಸಿಬಿಡುತ್ತದೆ, ಚಿತ್ರವನ್ನು ಬೆಳಗಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ +1ರಿಂದ +1.7ರವರೆಗೆ ಏರಿಸಿ. ಸ್ನೋಮೊಬೈಲ್ ಇಂಜಿನ್ನಿನ ಬಿಸಿಗಾಳಿಯ ಮೇಲಿಂದ ತೆಗೆದರೆ ಚಿತ್ರ ಅಲೆ ಅಲೆಯಾಗುತ್ತದೆ, ಪಕ್ಕಕ್ಕೆ ಸರಿದು ನಿಲ್ಲಿ.

ಚಳಿ

ಬ್ಯಾಟರಿಗಳನ್ನು ಒಳ ಅಂಗಿಯ ಜೇಬಿನಲ್ಲಿ ಮೈಗೆ ತಾಗಿಸಿಟ್ಟುಕೊಳ್ಳಿ. ಚಳಿಗೆ ಸೋತ ಬ್ಯಾಟರಿ ಬೆಚ್ಚಗಾದರೆ ಮತ್ತೆ ಸ್ವಲ್ಪ ಓಡುತ್ತದೆ. ಬೆರಳಿಗೆ ತೆಳು ಉಣ್ಣೆಯ ಕೈಗವಸು, ಅದರ ಮೇಲೆ ದಪ್ಪದ್ದೊಂದು. ಬರಿಗೈಯಲ್ಲಿ ಲೋಹದ ಟ್ರೈಪಾಡ್ ಮುಟ್ಟಬೇಡಿ.

ಕ್ಯಾಮೆರಾ ಹಾಳಾಗುವ ಭಯ ಜಾಸ್ತಿ ಇರುವುದು ಹೊರಗಲ್ಲ, ರೂಮಿಗೆ ವಾಪಸ್ ಬಂದಾಗ. ತಣ್ಣಗಿನ ಲೆನ್ಸ್ ಬೆಚ್ಚಗಿನ ಗಾಳಿಗೆ ಬಂದ ಕೂಡಲೇ ಒಳಗೂ ಹೊರಗೂ ನೀರು ಹನಿಯುತ್ತದೆ. ಬಾಗಿಲ ಹೊರಗೇ ಮೆಮೊರಿ ಕಾರ್ಡ್, ಬ್ಯಾಟರಿ ತೆಗೆದುಕೊಂಡು, ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಆಮೇಲೆ ಒಳಗೆ ತನ್ನಿ. ಎರಡು–ಮೂರು ಗಂಟೆ ಚೀಲ ಬಿಚ್ಚಬೇಡಿ. ತೆಗೆದ ಚಿತ್ರಗಳನ್ನು ಅಷ್ಟರಲ್ಲಿ ಕಾರ್ಡ್‌ನಿಂದ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಬಹುದು.